ಎಡಗಡೆ ನಳಿಗೆಯ ಬೆಲೆ

"ಇನ್ನೊಂದು ಸಲ ಹೇಳು! ಬಾಯಿ ಬಿಟ್ಟು, ಬೀದಿಗೆಲ್ಲ ಕೇಳೋ ಹಾಗೆ ಇನ್ನೊಂದು ಸಲ ಹೇಳು ಆ ಬೆಲೆ!"

ಭಾವ ಎದ್ದ ರಭಸಕ್ಕೆ ಅವರು ಕೂತಿದ್ದ ಕುರ್ಚಿ ಹಿಂದಕ್ಕೆ ಮಗುಚಿಕೊಂಡಿತು. ಅದನ್ನು ಎತ್ತಿ ನಿಲ್ಲಿಸುವ ಧೈರ್ಯ ಯಾರಿಗೂ ಆಗಲಿಲ್ಲ.

"ಎಂಟು ಸಾವಿರ" ಎಂದ ಪೈಪಣ್ಣ. ಬೀದಿಗೆ ಕೇಳುವುದಿರಲಿ, ಅವನ ಮೀಸೆಗೂ ಅದು ಕೇಳಿಸಲಿಲ್ಲ.

"ಎಂಟು ಸಾವಿರ! ಕೇಳಿದ್ಯಾ ತಂಗಿ, ನಿನ್ನ ಗಂಡ ನಮ್ಮಪ್ಪನ ಜೋಡು ನಳಿಗೆ ಕೋವಿಗೆ ಕಟ್ಟಿದ ಬೆಲೆ! ಎಂಟು ಸಾವಿರಕ್ಕೆ ಅದನ್ನ ಹೆಗಲಿಗೆ ಹಾಕ್ಕೊಳ್ಳೋ ಚರ್ಮದ ಪಟ್ಟಿ ಬರಲ್ಲ ಕಣೋ! ಆ ಪಟ್ಟಿಯ ಬಕಲ್ಲೂ ಬರಲ್ಲ!"

"ಅಣ್ಣಾ, ಮೆಲ್ಲಗೆ. ಸಾಹೇಬರು ಕೂತಿದ್ದಾರೆ" ಎನ್ನುತ್ತಾ ಪೈಪಣ್ಣನ ಹೆಂಡತಿ ಅಡುಗೆಮನೆಯಿಂದ ಕುಂಟಿಕೊಂಡು ಬಂದಳು. ಬೆಳಿಗ್ಗೆ ಹಿತ್ತಿಲಿಗೆ ಹೋದಾಗ ಪಾದಕ್ಕೆ ಏನೋ ಚುಚ್ಚಿಕೊಂಡಿತ್ತು. ಸಾಹೇಬರು ಬರುವ ಗಡಿಬಿಡಿಯಲ್ಲಿ ಅದನ್ನು ತೆಗೆಯಲು ಪುರಸೊತ್ತಾಗಿರಲಿಲ್ಲ.

"ಕೂತಿರಲಿ! ಅವರಿಗೂ ಗೊತ್ತಾಗಲಿ. ಹೆಣ್ಣು ಕೊಟ್ಟವರ ಮರ್ಯಾದೆನ ಹಳೇ ಕಬ್ಬಿಣದ ರೇಟಿಗೆ ತೂಗ್ತಾನಲ್ಲ, ಇವನೇನು ಅಳಿಯನೋ, ಗುಜರಿಯವನೋ?"

ಸಾಹೇಬರು ಮನೆಯ ಒಂದೇ ಒಂದು ಮೆತ್ತೆಯ ಕುರ್ಚಿಯಲ್ಲಿ ಕೂತು, ಚಹಾದ ಬಟ್ಟಲನ್ನು ಎದೆಮಟ್ಟಕ್ಕೆ ಹಿಡಿದು, ಒಮ್ಮೆ ಭಾವನನ್ನೂ ಒಮ್ಮೆ ಪೈಪಣ್ಣನನ್ನೂ ನೋಡುತ್ತಿದ್ದರು. ನಡುವೆ ಮೇಜಿನ ಮೇಲೆ, ಹೆಂಡತಿ ಕಸೂತಿ ಹಾಕಿದ ಬಟ್ಟೆಯ ಮೇಲೆ, ಕೋವಿ ಮಲಗಿತ್ತು. ಕಿಟಕಿಯಾಚೆ ಪಕ್ಕದ ಮನೆಯ ಟೀಚರಮ್ಮ ನಿಂತಿದ್ದರು. ಜರಡಿ ಕೇಳಿಕೊಂಡು ಬಂದವರು ಅವರು. ಜರಡಿ ಕೈಗೆ ಸಿಕ್ಕಿ ಬಹಳ ಹೊತ್ತಾಗಿತ್ತು.

ಪೈಪಣ್ಣ ಯಾಕೆ ಎಂಟು ಸಾವಿರ ಅಂದ ಎಂಬುದಕ್ಕೆ ಆ ಕೋಣೆಯಲ್ಲಿ ತಲೆಗೊಂದು ಕಾರಣವಿತ್ತು. ಮದುವೆಯಲ್ಲಿ ತಾವು ಕೊಡಿಸಿದ ಕೈಗಡಿಯಾರ ಆರು ತಿಂಗಳಿಗೇ ನಿಂತುಹೋದ ಸಿಟ್ಟು ಇನ್ನೂ ಆರಿಲ್ಲ ಎಂದು ಭಾವ ತಿಳಿದರು. ಮೇಲಧಿಕಾರಿಗೆ ಬೆಣ್ಣೆ ಹಚ್ಚುತ್ತಿದ್ದಾನೆ ಎಂದು ಹೆಂಡತಿ ತಿಳಿದಳು. ಆಹಾ, ಸ್ವಂತ ಭಾವನ ಮಾಲಿಗೂ ದಾಕ್ಷಿಣ್ಯ ನೋಡದ ಸತ್ಯವಂತ ಎಂದು ಸಾಹೇಬರು ತಿಳಿದರು. ಆಸ್ತಿ ಜಗಳ ಎಂದು ಟೀಚರಮ್ಮ ತಿಳಿದರು. ಅವರು ಎಲ್ಲ ಜಗಳವನ್ನೂ ಹಾಗೆಯೇ ತಿಳಿಯುವುದು. ನಿಜವಾದ ಕಾರಣ ಗೊತ್ತಿದ್ದದ್ದು ಪೈಪಣ್ಣನಿಗೂ ದೇವರಿಗೂ ಮಾತ್ರ. ದೇವರು ಬಾಯಿ ಬಿಡುವವನಲ್ಲ. ಪೈಪಣ್ಣನ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಈ ಮನುಷ್ಯ ಯಾರು, ಇವನಿಗೂ ಕೋವಿಗೂ ಎಲ್ಲಿಯ ನಂಟು ಎಂಬುದನ್ನು ಈಗಲೇ ಹೇಳಿಬಿಡಬೇಕು.

ಪೈಪಣ್ಣ ನೀರು ಸರಬರಾಜು ಕಚೇರಿಯ ಉಗ್ರಾಣದಲ್ಲಿ ಹಳೆಯ ಪೈಪು ವಿಂಗಡಿಸುವ ನೌಕರ. ಬೀದಿ ಅಗೆದು ತೆಗೆದ ಪೈಪುಗಳು ಲಾರಿಯಲ್ಲಿ ಬಂದು ಅಂಗಳದಲ್ಲಿ ಬೀಳುತ್ತಿದ್ದವು. ಅವನು ಒಂದೊಂದನ್ನೇ ಎತ್ತಿ, ಒಂದು ತುದಿಯನ್ನು ಬೆಳಕಿಗೆ ಹಿಡಿದು, ಇನ್ನೊಂದು ತುದಿಯಲ್ಲಿ ಒಕ್ಕಣ್ಣು ಇಟ್ಟು ನೋಡುವನು. ಆಮೇಲೆ ಉಗ್ರಾಣದ ಬೀಗದಕೈಯಿಂದ ಒಂದು ಪೆಟ್ಟು. ಟಣ್ ಎಂದರೆ ಬಲಗಡೆಯ ರಾಶಿ, ಟಪ್ ಎಂದರೆ ಎಡಗಡೆಯ ರಾಶಿ. ಕೊನೆಗೆ ಅಂಗಿಯ ಜೇಬಿನಿಂದ ಹಿತ್ತಾಳೆಯ ಗೇಜು ತೆಗೆದು ಎರಡೂ ಬಾಯಿ ಅಳೆಯುವನು. ಪೈಪು ಎಂದ ಮೇಲೆ ಎರಡು ತುದಿಯೂ ಸಮನಾಗಿರಬೇಕು. ಒಂದು ತುದಿ ಕಿರಿದಾಗಿದ್ದರೆ ಒಳಗೆ ನೀರಿನ ಉಪ್ಪು, ತುಕ್ಕು ಸೇರಿ ಕರೆ ಕಟ್ಟಿದೆ ಎಂದರ್ಥ. ಆಗ ಉದ್ದನೆಯ ಕೊರೆಗೋಲು ತೂರಿಸಿ, ತಿರುವಿ ತಿರುವಿ, ಕರೆಯನ್ನು ಕೆರೆದು ಹಾಕಬೇಕು. ಈ ಕೆಲಸದಲ್ಲಿ ಅವನು ದಡ್ಡನಲ್ಲ, ಅಷ್ಟನ್ನು ಒಪ್ಪಿಕೊಳ್ಳೋಣ. ಉಳಿದ ವಿಷಯ ಕೇಳದಿರುವುದೇ ಒಳ್ಳೆಯದು.

ಎಲ್ಲ ಶುರುವಾದದ್ದು ಸಲೂನಿನಲ್ಲಿ. ಮೂಲೆಯ ಬೇಕರಿಯವನು ಬೇಟೆಯ ಹುಚ್ಚು ಹತ್ತಿಸಿಕೊಂಡು ಯಾರಿಂದಲೋ ಒಂದು ಹಳೆಯ ಕೋವಿ ಕೊಂಡಿದ್ದ. ಮದುಮಗಳನ್ನು ಮನೆಮನೆಗೆ ತೋರಿಸುವಂತೆ ಅದನ್ನು ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗುತ್ತಿದ್ದ. ಸಲೂನಿನಲ್ಲಿ ಅದು ಕೈಯಿಂದ ಕೈಗೆ ದಾಟಿ, ಅರ್ಧ ಮುಖಕ್ಕೆ ಸೋಪು ಬಳಿಸಿಕೊಂಡು ಕೂತಿದ್ದ ಪೈಪಣ್ಣನ ತೊಡೆಯ ಮೇಲೆ ಬಂತು. ಸೈಕಲ್ ಟೈರು ಒಡೆದರೆ ಕಿವಿ ಮುಚ್ಚಿಕೊಳ್ಳುವ ಗಿರಾಕಿ ಅವನು. ಆದರೆ ಕೈಗೆ ಕೊಳವೆ ಬಂದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಬೆಳಕಿಗೆ ಹಿಡಿದ, ನೋಡಿದ, ಬಾಯಿಗೆ ಬಂದದ್ದನ್ನು ಅಂದುಬಿಟ್ಟ:

"ಒಳಗೆಲ್ಲ ತುಕ್ಕು ತಿಂದು ಗುಳಿ ಬಿದ್ದಿದೆಯಲ್ಲಯ್ಯ. ಅರ್ಧ ಬೆಲೆಗೂ ಇದು ದಂಡ."

ಬೇಕರಿಯವನ ಮುಖ ಮರುದಿನದ ಬನ್ನಿನ ಹಾಗಾಯಿತು. ಅವನು ಮಾರಿದವನ ಮನೆಗೆ ಓಡಿದ, ಕೂಗಾಡಿದ, ನಿಜವಾಗಿಯೂ ಅರ್ಧ ದುಡ್ಡು ವಾಪಸು ತಂದ. ಮಾರನೆಯ ದಿನ ಪೈಪಣ್ಣನ ಮನೆಗೆ ಬೆಣ್ಣೆ ಬಿಸ್ಕತ್ತಿನ ಡಬ್ಬಿ ಬಂತು.

ಬಿಸ್ಕತ್ತು ತಿಂದು ಬಾಯಿ ಒರೆಸಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊರಿನವರು ಬಿಡಬೇಕಲ್ಲ. "ಬೇಟೆ ಆಡ್ತಿದ್ದನಂತೆ ಮೊದಲು" ಎಂದ ಸಲೂನಿನವನು. "ಸೈನ್ಯದಲ್ಲಿ ಕೋವಿ ತಪಾಸಣೆ ಮಾಡ್ತಿದ್ದನಂತೆ" ಎಂದ ಬೇಕರಿಯವನು. ಇದು ಕಿವಿಗೆ ಬಿದ್ದಾಗ ಪೈಪಣ್ಣ ಹೌದು ಎನ್ನಲಿಲ್ಲ. ಅಲ್ಲ ಎಂದೂ ಎನ್ನಲಿಲ್ಲ. "ಹ್ಞೂಂ" ಎಂದು ದೂರದ ಗುಡ್ಡದ ಕಡೆ ನೋಡಿದ. ಸುಳ್ಳು ಹೇಳುವವರಲ್ಲಿ ಇಂಥವರೇ ಅಪಾಯ. ಇವರ ಬಾಯಿಂದ ಸುಳ್ಳು ಬರುವುದೇ ಇಲ್ಲ, ಹಿಡಿಯುವುದು ಏನನ್ನು?

ಹಳೆಯ ಕೋವಿ ಕೊಳ್ಳುವವರು, ಮಾರುವವರು, ತಾತನ ಕಾಲದ್ದನ್ನು ಅಟ್ಟದಿಂದ ಇಳಿಸಿದವರು, ಎಲ್ಲರೂ ಅವನ ಬಾಗಿಲಿಗೆ ಬರತೊಡಗಿದರು. ಅವನೂ ಒಂದು ಶಾಸ್ತ್ರ ಮಾಡಿಕೊಂಡ. ಮೊದಲು ಕನ್ನಡಕ ಹಾಕುವುದು, ಆಮೇಲೆ ತೆಗೆಯುವುದು. ಒಳಗೆ ನೋಡುವುದು. ಬೀಗದಕೈಯಿಂದ ಒಂದು ಪೆಟ್ಟು, ಕಣ್ಣು ಮುಚ್ಚಿ ಕೇಳುವುದು. ಕೊನೆಗೆ "ಹ್ಞೂಂ". ಗಿಡ್ಡ ಹ್ಞೂಂ ಎಂದರೆ ಬೆಲೆ ಜಾಸ್ತಿಯಾಯಿತು. ಉದ್ದ ಹ್ಞೂಂ ಎಂದರೆ ನ್ಯಾಯವಾದ ಬೆಲೆ. ಆಮೇಲೆ ಕೋವಿಯನ್ನು ಎರಡೇ ಬೆರಳಲ್ಲಿ ಹಿಡಿದು, ಒದ್ದೆ ಮಾಡಿಕೊಂಡ ಮಗುವನ್ನು ತಾಯಿಗೆ ಒಪ್ಪಿಸುವಂತೆ, ಹಿಂದಕ್ಕೆ ಕೊಡುವನು. ಜನ ಅದನ್ನು ಗೌರವ ಎಂದುಕೊಂಡರು. ಅದು ಭಯ.

ಸುದ್ದಿ ಕಚೇರಿಯ ಸಾಹೇಬರ ತನಕ ಹೋಯಿತು. ಸಾಹೇಬರು ಹೊಸದಾಗಿ ಬೇಟೆ ಕ್ಲಬ್ಬಿಗೆ ಸೇರಿದ್ದರು, ಲೈಸೆನ್ಸೂ ಮಾಡಿಸಿದ್ದರು. ಒಂದು ದಿನ ಪೈಪಣ್ಣನನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು.

"ನೋಡಯ್ಯ, ನನಗೊಂದು ಕೋವಿ ಬೇಕು. ಹೊಸದು ಬೇಡ. ಹೊಸದು ಹಿಡ್ಕೊಂಡು ಹೋದ್ರೆ ಮೊನ್ನೆ ಸೇರಿದೋನು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ. ಹಳೇದು ಬೇಕು. ನೋಡಿದೋರು, ಓಹೋ ಇವರದು ಮೊದಲಿಂದ್ಲೂ ಬೇಟೆಗಾರರ ಮನೆತನ, ಅನ್ನಬೇಕು. ನೀನು ಹೇಳಿದ ಬೆಲೆ ಕೊಡ್ತೀನಿ. ಚೌಕಾಸಿ ಮಾಡಲ್ಲ."

"ಆಗಲಿ ಸಾರ್."

"ಆದರೆ ನನಗೆ ಮೋಸ ಆಯ್ತೋ..." ಸಾಹೇಬರು ಮಾತು ಮುಗಿಸಲಿಲ್ಲ. ಕಿಟಕಿಯಾಚೆ ನೋಡಿದರು. ಅಲ್ಲಿ ಪೈಪಣ್ಣನ ಮನೆ ಕಾಣುತ್ತಿತ್ತು.

ಆ ಮನೆ ಕಚೇರಿಯದ್ದು. ಉಗ್ರಾಣದವರಿಗೆ ಇನ್ನು ಮೇಲೆ ಕ್ವಾರ್ಟರ್ಸ್ ಇಲ್ಲ ಎಂದು ಮೇಲಿನಿಂದ ಆಜ್ಞೆಯಾಗಿತ್ತು. ಸಾಹೇಬರು ಬೇಕು ಅಂದವರು ಮಾತ್ರ ಉಳಿಯಬಹುದಿತ್ತು. ಬೇಕು ಎಂದು ಅವರು ಇನ್ನೂ ಅಂದಿರಲಿಲ್ಲ. ಎರಡು ಕೋಣೆ, ಒಂದು ಹಿತ್ತಿಲು, ಹಿತ್ತಿಲಲ್ಲಿ ತಗಡಿನ ಶೆಡ್ಡು. ದೊಡ್ಡ ಅರಮನೆಯಲ್ಲ. ಆದರೆ ಆ ಮನೆಯ ಅಡುಗೆಮನೆಯಲ್ಲಿ ಇಡೀ ಬೀದಿಗೆ ಇಲ್ಲದ ಒಂದು ಭಾಗ್ಯವಿತ್ತು: ಹಗಲೂ ರಾತ್ರಿ ನೀರು ಬರುವ ನಲ್ಲಿ. ಗಂಡ ಬೇಕೋ ನಲ್ಲಿ ಬೇಕೋ ಎಂದು ಕೇಳಿದರೆ ಪೈಪಣ್ಣನ ಹೆಂಡತಿ ಉತ್ತರ ಹೇಳುವ ಮುಂಚೆ ಸ್ವಲ್ಪ ಹೊತ್ತು ಯೋಚಿಸುತ್ತಿದ್ದಳು.

ಅಂದು ಸಂಜೆ ಅವನು ಊಟ ಬಿಟ್ಟು ಕೂತಾಗ ಉಪಾಯ ಹೇಳಿದವಳೂ ಅವಳೇ. "ಅದಕ್ಯಾಕೆ ಹೀಗೆ ಮುಖ ಜೋಲು ಹಾಕ್ಕೊಂಡಿದ್ದೀರಿ? ಅಣ್ಣ ಅಪ್ಪನ ಕೋವಿ ಮಾರಬೇಕು ಅಂತಿದ್ದಾನೆ. ಸಾಹೇಬರಿಗೆ ಒಳ್ಳೇ ಮಾಲು ಸಿಗುತ್ತೆ, ಅಣ್ಣನಿಗೆ ಒಳ್ಳೇ ಬೆಲೆ ಸಿಗುತ್ತೆ, ನಮಗೆ ಮನೆ ಉಳಿಯುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ." ಆಮೇಲೆ ಎಂಜಲು ತಟ್ಟೆ ಎತ್ತುತ್ತಾ ಸೇರಿಸಿದಳು: "ಅಣ್ಣನ ಮನಸ್ಸು ನೋಯಿಸಿದ್ರೆ ಮಾತ್ರ ನಾನು ಅವನ ಜೊತೇಲೇ ಹೊರಟುಬಿಡ್ತೀನಿ, ನೆನಪಿರಲಿ."

ಶನಿವಾರ ಭಾವ ಬಂದರು. ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೆಟ್ಟು ತೆಗೆದು, ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದರು. "ಅರವತ್ತು ಸಾವಿರಕ್ಕೆ ಒಂದು ಕಾಸು ಕಡಿಮೆ ಅಂದ್ರೂ ನಮ್ಮಪ್ಪ ಮೇಲಿನಿಂದ ನೋಡಿ ಕಣ್ಣೀರು ಹಾಕ್ತಾನೆ" ಎಂದು ಹೇಳಿ, ಊಟ ಮಾಡಿ, ಗೋಡೆ ನಡುಗುವ ಹಾಗೆ ಗೊರಕೆ ಹೊಡೆಯತೊಡಗಿದರು.

ಪೈಪಣ್ಣ ಕೋವಿಯನ್ನು ಶೆಡ್ಡಿಗೆ ತಂದ. ನಾಳೆ ಸಾಹೇಬರ ಮುಂದೆ ತಡವರಿಸಬಾರದಲ್ಲ, ಈಗಲೇ ನೋಡಿಟ್ಟುಕೊಂಡರೆ ಒಳ್ಳೆಯದು. ಕೀಲಿನಲ್ಲಿ ಮಡಿಸಿ ತೆರೆದ, ಗುಂಡು ಇಲ್ಲ ಎಂದು ಎರಡೆರಡು ಸಲ ಬೆರಳು ಹಾಕಿ ನೋಡಿಕೊಂಡ, ಬೆಳಕಿಗೆ ಹಿಡಿದ. ಬಲಗಡೆಯ ನಳಿಗೆ ಕನ್ನಡಿಯ ಹಾಗಿತ್ತು. ಎಡಗಡೆಯದೂ ಹಾಗೇ ಇತ್ತು, ಆದರೆ ಬಾಯಿಯ ಹತ್ತಿರ ಏನೋ ಒಂದು ಥರ. ಜೇಬಿನ ಗೇಜು ತೆಗೆದು ಅಳೆದ. ಬಲಗಡೆ ಸಲೀಸಾಗಿ ಹೋಯಿತು. ಎಡಗಡೆ ಬಾಯಲ್ಲೇ ಸಿಕ್ಕಿಕೊಂಡಿತು.

ಕರೆ ಕಟ್ಟಿದೆ!

ನಾಳೆ ಯಾರಾದರೂ ಇದನ್ನು ನೋಡಿದರೆ? ಭಾವನ ಅರವತ್ತು ಸಾವಿರ ಹೋಯಿತು, ಸಾಹೇಬರ ನಂಬಿಕೆ ಹೋಯಿತು, ಮನೆ ಹೋಯಿತು, ನಲ್ಲಿ ಹೋಯಿತು, ನಲ್ಲಿಯ ಹಿಂದೆ ಹೆಂಡತಿ. ಪಾಪ, ಮಾವನವರು ವಯಸ್ಸಾದ ಮೇಲೆ ಉಜ್ಜಿ ಇಟ್ಟಿಲ್ಲ. ಇಷ್ಟಕ್ಕೂ ಇದೇನು ಬ್ರಹ್ಮವಿದ್ಯೆಯೇ? ಅವನು ಗೋಡೆಗೆ ಒರಗಿಸಿದ್ದ ಕೊರೆಗೋಲು ತೆಗೆದುಕೊಂಡ, ಎಣ್ಣೆ ಬಿಟ್ಟ, ತಿರುವತೊಡಗಿದ.

ಕರೆ ಎಂದರೆ ಕಂದು ಬಣ್ಣದ ಪುಡಿ ಉದುರಬೇಕು. ಇಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಸುರುಳಿ ಸುರುಳಿ ಎಳೆ ಬಂತು. ಪೈಪಣ್ಣ ಕೈ ನಿಲ್ಲಿಸಿ ಅದನ್ನು ನೋಡಿದ. ಬುದ್ಧಿ ಬಾಗಿಲು ತಟ್ಟಿದ ಹೊತ್ತು ಅದು. "ಹಳೇ ಕಾಲದ ಕರೆ, ಅದೂ ಗಟ್ಟಿ" ಎಂದುಕೊಂಡು ಬಾಗಿಲು ಹಾಕಿದ. ಮತ್ತೆ ತಿರುವಿದ. ಸಂಜೆಯ ಹೊತ್ತಿಗೆ ಎರಡೂ ಬಾಯಿ ಅವಳಿಜವಳಿಯ ಹಾಗೆ ಸಮನಾದವು. ಬಟ್ಟೆಯಿಂದ ಒರೆಸಿದ, ಕಂಬಳಿಯಲ್ಲಿ ಸುತ್ತಿಟ್ಟ, ಎಳೆಗಳನ್ನು ಕಾಲಿನಿಂದ ಹಿತ್ತಿಲ ಬಾಗಿಲ ಕಡೆಗೆ ತಳ್ಳಿದ. ಆ ರಾತ್ರಿ ಅವನಿಗೆ ಬಹಳ ಒಳ್ಳೆಯ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಸಾಹೇಬರು ಬಂದು ಕೂತರು. ಭಾವ ಕಂಬಳಿ ಬಿಚ್ಚಿದರು. ಮರದ ಹಿಡಿ ತೋರಿಸಿದರು, ಬಿರುಕಿಲ್ಲ. ಅಲುಗಾಡಿಸಿ ತೋರಿಸಿದರು, ಕಟಕಟ ಇಲ್ಲ. ಪೈಪಣ್ಣ ಪಕ್ಕದಲ್ಲಿ ಕನ್ನಡಕ ಹಾಕಿ, ತೆಗೆದು, ಉದ್ದನೆಯ ಹ್ಞೂಂ ಒಂದನ್ನು ಗಂಟಲಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದ. ಆಗ ಭಾವ ಗಂಟಲು ಸರಿಮಾಡಿಕೊಂಡರು.

"ಸಾಹೇಬರೇ, ಈಗ ಇದರ ಗುಟ್ಟು ಹೇಳ್ತೀನಿ ಕೇಳಿ. ಬಲಗಡೆ ನಳಿಗೆ ಹತ್ತಿರದ ಬೇಟೆಗೆ. ಎಡಗಡೇದು ದೂರದ್ದಕ್ಕೆ. ಎಡಗಡೆ ಬಾಯಿ ಒಂದು ಕೂದಲಷ್ಟು ಕಿರಿದು ಮಾಡಿರ್ತಾರೆ, ಚೆರೆ ಅಂದ್ರೆ ಕಾಳಿನಂಥ ಗುಂಡು, ಅದು ಚೆಲ್ಲಾಪಿಲ್ಲಿ ಆಗದ ಹಾಗೆ, ಮುಷ್ಟಿ ಕಟ್ಟಿಕೊಂಡು ಹೋಗೋ ಹಾಗೆ. ಅದನ್ನ ಮಾಡಿದ ಕೈ ಈಗ ಇಲ್ಲ. ನಮ್ಮಪ್ಪ ಹೊಲದ ಆ ಬದುವಿನಿಂದ ಈ ಬದುವಿಗೆ ಹಂದಿ ಉರುಳಿಸಿದ್ದು ಈ ಎಡಗಡೇದ್ರಲ್ಲೇ! ಬಲಗಡೇದಕ್ಕೆ ಹತ್ತು ಸಾವಿರ ಹಾಕಿ, ಬೇಡ ಅನ್ನಲ್ಲ. ಐವತ್ತು ಸಾವಿರ ಆ ಎಡಗಡೆ ಬಾಯಿಗೇ!"

ಪೈಪಣ್ಣನ ಗಂಟಲಲ್ಲಿದ್ದ ಹ್ಞೂಂ ಅಲ್ಲೇ ಸತ್ತಿತು. ಐವತ್ತು ಸಾವಿರವನ್ನು ಅವನು ನಿನ್ನೆ ಕೊರೆದು ಹಿತ್ತಿಲಿಗೆ ತಳ್ಳಿದ್ದ.

"ಸರಿ, ನಮ್ಮ ಪಂಡಿತ ಹೇಳಲಿ ಬೆಲೆ" ಎಂದು ಸಾಹೇಬರು ಅವನ ಕಡೆ ತಿರುಗಿದ್ದರು. ಅರವತ್ತರಲ್ಲಿ ಐವತ್ತು ಹೋದರೆ ಹತ್ತು. ಹತ್ತರಲ್ಲಿ ತನ್ನ ಪಾಪಕ್ಕೆಂದು ಎರಡು ಕಳೆದು, ಪೈಪಣ್ಣ "ಎಂಟು ಸಾವಿರ" ಎಂದಿದ್ದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಭಾವನ ಕುರ್ಚಿ ಮಗುಚಿದ್ದು ಆಗಲೇ.

"ನನಗಂತೂ ಸಂತೋಷವಾಯ್ತಯ್ಯ" ಎಂದರು ಸಾಹೇಬರು, ಚಹಾದ ಬಟ್ಟಲು ಕೆಳಗಿಟ್ಟು. "ಸ್ವಂತ ನೆಂಟರ ಮಾಲಿಗೆ ಇಷ್ಟು ಖಡಕ್ಕಾಗಿ ಬೆಲೆ ಹೇಳೋರು ಈ ಕಾಲದಲ್ಲಿ ಯಾರಿದ್ದಾರೆ? ಎಂಟು ಸಾವಿರಕ್ಕೆ ನಾನು ತಗೊಂಡೆ."

"ತಗೊಂಡೆ ಅಂದ್ರೆ? ಕೊಟ್ಟೆ ಅಂತ ನಾನೆಲ್ಲಿ ಅಂದೆ?" ಭಾವ ಕೋವಿಯ ಮೇಲೆ ಎರಡೂ ಕೈ ಇಟ್ಟರು. "ತಂಗಿ, ಬಟ್ಟೆ ಕಟ್ಟು. ಹನ್ನೊಂದರ ಬಸ್ಸಿಗೆ ಹೊರಡೋಣ."

"ಏನ್ರೀ ಇದು?" ಹೆಂಡತಿ ಪೈಪಣ್ಣನ ಮುಂದೆ ಬಂದು ನಿಂತಳು. ದನಿ ಮೆತ್ತಗಿತ್ತು. ಅವಳ ದನಿ ಮೆತ್ತಗಾದಾಗಲೆಲ್ಲ ಅವನು ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದ. "ಸರಿಯಾಗಿ ನೋಡಿ ಹೇಳಿ. ಕನ್ನಡಕ ಹಾಕ್ಕೊಂಡು ಹೇಳಿ."

ಪೈಪಣ್ಣ ಕನ್ನಡಕ ಹಾಕಿಕೊಂಡ. "ನಲವತ್ತು" ಎಂದ.

"ನಲವತ್ತು?" ಸಾಹೇಬರ ಹುಬ್ಬು ಮೇಲೇರಿತು. "ಕನ್ನಡಕಕ್ಕೆ ಮೂವತ್ತೆರಡು ಸಾವಿರವೇನಯ್ಯ?"

"ಅಲ್ಲ ಸಾರ್, ಎಂಟು ಅಂದದ್ದು... ಅದು ಮೊದಲ ನೋಟದ್ದು."

"ಎರಡನೇ ನೋಟಕ್ಕೆ ನಲವತ್ತಾದರೆ ಮೂರನೇ ನೋಟಕ್ಕೆ ಅರವತ್ತಾಗಬೇಕು, ನೋಡೋ, ನೋಡು!" ಎಂದರು ಭಾವ.

"ಭಾವ ಭಾವಮೈದ ಇಬ್ಬರೂ ಸೇರಿ ನಾಟಕ ಕಟ್ಟಿದ್ದೀರೋ ಹೇಗೆ?" ಸಾಹೇಬರ ಮುಖ ಕೆಂಪಾಯಿತು. "ಮೊದಲು ಕೆಳಗೆ ಇಳಿಸೋದು, ಆಸೆ ಹುಟ್ಟಿಸೋದು, ಆಮೇಲೆ ಏರಿಸೋದು. ಮೀನು ಹಿಡಿಯೋ ಹಾಗೆ!"

"ಇಲ್ಲ ಸಾರ್! ದೇವರಾಣೆ ಇಲ್ಲ! ಇಪ್ಪತ್ತು ಸಾರ್!"

"ಇಪ್ಪತ್ತಾ!" ಎಂದು ಭಾವ ಕಿರುಚಿದರು.

"ಇಪ್ಪತ್ತೈದು ಭಾವ!"

"ತರಕಾರಿಯವನೂ ಇಷ್ಟು ಬೇಗ ಬೆಲೆ ಬದಲಾಯಿಸಲ್ಲ" ಎಂದರು ಟೀಚರಮ್ಮ ಕಿಟಕಿಯಿಂದ. ಜರಡಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

ಪೈಪಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಈ ಕಡೆ ಮನೆ, ಆ ಕಡೆ ಹೆಂಡತಿ. ಒಬ್ಬರ ಮುಖ ಅರಳಿದರೆ ಇನ್ನೊಬ್ಬರದು ಬಾಡುತ್ತದೆ. ಎಂಟರಿಂದ ಅರವತ್ತರವರೆಗೆ ಇಷ್ಟೊಂದು ಅಂಕೆಗಳಿವೆ, ಅದರಲ್ಲಿ ಇಬ್ಬರಿಗೂ ಒಗ್ಗುವ ಒಂದು ಅಂಕೆ ಇಲ್ಲವೆಂದರೆ ಏನು ಲೆಕ್ಕವೋ ಏನು ಶಾಲೆಯೋ!

"ಜಗಳ ಬೇಡ" ಎಂದು ಸಾಹೇಬರು ಕೈ ಎತ್ತಿದರು. "ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಆದರೂ ಇರಲಿ ಅಂತ ಕೋವಿ ಅಂಗಡಿಯ ಯಜಮಾನರಿಗೂ ಬರೋಕೆ ಹೇಳಿದ್ದೆ. ಅವರೇ ನೋಡಲಿ. ಆ ಎಡಗಡೆ ಬಾಯಿ ಅಷ್ಟು ಬೆಲೆಯದೋ ಇಲ್ಲವೋ ಅವರೇ ಹೇಳಲಿ."

"ಬರಲಿ!" ಎಂದು ಭಾವ ಎದೆ ಉಬ್ಬಿಸಿದರು. "ನಮ್ಮಪ್ಪನ ಎಡಗಡೆ ನಳಿಗೆ ನೋಡಿ ಅವರು ಕೈ ಮುಗೀದಿದ್ರೆ ಕೇಳಿ!"

"ಬೇಡ" ಎಂದ ಪೈಪಣ್ಣ.

ಎಲ್ಲರೂ ಅವನ ಕಡೆ ನೋಡಿದರು.

"ಅಂದ್ರೆ... ಭಾನುವಾರ. ವಯಸ್ಸಾದೋರಿಗೆ ಯಾಕೆ ತೊಂದರೆ ಅಂತ."

ವಯಸ್ಸಾದವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಕೋವಿ ಅಂಗಡಿಯ ಯಜಮಾನರು ಜೀವಮಾನವಿಡೀ ಗುಂಡಿನ ಸದ್ದು ಕೇಳಿ ಕೇಳಿ ಕಿವಿ ಕಳೆದುಕೊಂಡವರು. ಉಳಿದವರಿಗೂ ಕಿವಿಯಿಲ್ಲ ಎಂಬಂತೆ ಮಾತಾಡುವುದು ಅವರ ಅಭ್ಯಾಸ. ನಮಸ್ಕಾರವನ್ನೂ ಅವರು ಬೈದ ಹಾಗೆ ಹೇಳಿ, ಸೀದಾ ಮೇಜಿಗೆ ಬಂದು, ಕೋವಿಯನ್ನು ಎತ್ತಿಕೊಂಡರು.

"ಮರ ಚೆನ್ನಾಗಿದೆ!" ಎಂದು ಕೂಗಿದರು.

"ನಾನು ಹೇಳಲಿಲ್ವಾ?" ಎಂದರು ಭಾವ.

"ಕೀಲು ಬಿಗಿಯಾಗಿದೆ! ಬಲಗಡೆ ನಳಿಗೆ ಬಂಗಾರ!"

ಸಾಹೇಬರು ಮುಂದಕ್ಕೆ ಬಾಗಿದರು. ಪೈಪಣ್ಣ ಗೋಡೆಗೆ ಒರಗಿದ. ಗೋಡೆ ಇನ್ನೂ ಸ್ವಲ್ಪ ಹಿಂದೆ ಇದ್ದಿದ್ದರೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುತ್ತಿದ್ದ.

ಯಜಮಾನರು ಎಡಗಡೆಯ ಬಾಯಿಗೆ ಕಿರುಬೆರಳು ಹಾಕಿದರು. ತೆಗೆದರು. ಮತ್ತೆ ಹಾಕಿದರು. ಕಿಟಕಿಯ ಬೆಳಕಿಗೆ ಹಿಡಿದರು. ಟೀಚರಮ್ಮ ಪಕ್ಕಕ್ಕೆ ಸರಿದು ಬೆಳಕು ಬಿಟ್ಟುಕೊಟ್ಟರು. ಯಜಮಾನರ ಮುಖ ಹುಣಸೆಹಣ್ಣು ಕಚ್ಚಿದಂತೆ ಕಿವುಚಿಕೊಂಡಿತು.

"ಯಾವ ಮುಠ್ಠಾಳ ಇದನ್ನ ಕೊರೆದಿದ್ದು?"

ಆ ಮಾತು ಬೀದಿಯ ಆ ತುದಿಯ ಸಲೂನಿಗೂ ಕೇಳಿಸಿರಬೇಕು.

"ಕೊರೆದದ್ದಾ?" ಎಂದರು ಭಾವ.

"ಕೊರೆದಿದ್ದಾನೆ! ಮೊನ್ನೆ ಮೊನ್ನೆ ಕೊರೆದಿದ್ದಾನೆ, ಲೋಹ ಇನ್ನೂ ಹಸಿಯಾಗಿ ಹೊಳೀತಿದೆ! ಬಾಯಿ ಬಿಗಿ ಎಲ್ಲ ಹೋಯ್ತು! ಇದರಲ್ಲಿ ಹೊಡೆದರೆ ಇನ್ನು ಹಂದಿಗೆ ತಾಗಲ್ಲ, ಹೊಲಕ್ಕೆ ತಾಗುತ್ತೆ! ಇಂಥ ಕೆಲಸ ಮಾಡಿದೋನ ಬೆರಳು ಕತ್ತರಿಸಬೇಕು!"

ಭಾವನ ಮುಖ ಬಿಳಿಚಿತು. "ನಮ್ಮ ಮನೇಲಿ ಬೀರುವಿನೊಳಗಿತ್ತು. ಬೀಗದಕೈ ನನ್ನ ಸೊಂಟದಲ್ಲಿತ್ತು. ಬಸ್ಸಲ್ಲಿ ಪಕ್ಕದಲ್ಲೇ ಕೂರಿಸಿದ್ದೆ. ಯಾರು? ಯಾವಾಗ?" ಅವರು ಕುಸಿದು ಕೂರಲು ಹೋದರು, ಕುರ್ಚಿ ಇನ್ನೂ ಮಗುಚಿಯೇ ಇತ್ತು, ಅದರ ಕಾಲಿನ ಮೇಲೆ ಕೂತರು. "ಅಪ್ಪಾ, ನಿನ್ನ ಎಡಗಡೇನ ಕೊಂದುಬಿಟ್ರಲ್ಲಪ್ಪ!"

"ಅದಕ್ಕೇ!" ಸಾಹೇಬರು ತೊಡೆ ತಟ್ಟಿದರು. "ಅದಕ್ಕೇ ಇವನು ಎಂಟು ಸಾವಿರ ಅಂದದ್ದು! ಮುಟ್ಟದೆ, ಅಳೆಯದೆ, ಕೂತಲ್ಲಿಂದಲೇ ಪತ್ತೆ ಹಚ್ಚಿದ! ಎಂಥ ಕಣ್ಣಯ್ಯ ನಿನ್ನದು! ನಿನ್ನಂಥೋನಿಗೆ ಆ ಮನೆ ಅಲ್ಲ, ನನ್ನ ಬಂಗ್ಲೆ ಕೊಟ್ಟರೂ ಕಡಿಮೆ!"

ಪೈಪಣ್ಣನ ಮನೆ ಉಳಿಯಿತು. ಒಂದೇ ಒಂದು ಉಸಿರು ಎಳೆಯುವಷ್ಟು ಹೊತ್ತು ಆ ಮನೆ ಅವನದಾಗಿತ್ತು. ಆ ಹೊತ್ತಿನಲ್ಲಿ ಅವನು ಬಾಯಿ ಮುಚ್ಚಿಕೊಂಡು, ದೂರದ ಗುಡ್ಡದ ಕಡೆ ನೋಡುತ್ತಾ ನಿಂತಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದ. ಆದರೆ ಭಾವ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಅಳಿಯಂದ್ರೇ, ತಪ್ಪಾಯ್ತು. ನಿಮ್ಮನ್ನ ಗುಜರಿಯವನು ಅಂದೆ. ನೀವು ದೊಡ್ಡೋರು. ಈಗ ನೀವೇ ಪತ್ತೆ ಮಾಡಬೇಕು. ಎಂಥ ಆಯುಧದಲ್ಲಿ ಕೊರೆದಿದ್ದು, ಯಾರ ಕೈ ಕೆಲಸ, ಹೇಳಿ. ಉಳಿದದ್ದು ನಾನು ನೋಡ್ಕೋತೀನಿ."

ಹಿಡಿದ ಕೈ ಬಿಗಿಯಾಗಿತ್ತು. ಭಾವನ ಕಣ್ಣಲ್ಲಿ ನೀರಿತ್ತು. ಕೋವಿ ಪೈಪಣ್ಣನ ಕೈಗೆ ಬಂತು. ಎಲ್ಲರೂ ಕಾಯುತ್ತಿದ್ದರು. ಹ್ಞೂಂ ಎಂದರೆ ಸಾಲದು ಎಂದು ಅವನಿಗೂ ಗೊತ್ತಾಯಿತು. ನಳಿಗೆಯೊಳಗೆ ಒಕ್ಕಣ್ಣು ಇಟ್ಟು ನೋಡಿದ. ಆ ತುದಿಯಲ್ಲಿ ದುಂಡಗೆ ಟೀಚರಮ್ಮನ ಮುಖ ಕಂಡಿತು.

"ಒಂದು ಮಾತ್ರ ಖಂಡಿತ" ಎಂದ ಪೈಪಣ್ಣ, ಪಂಡಿತರ ಗತ್ತಿನಲ್ಲಿ. "ಇದು ಪೈಪು ಕೊರೆಯೋ ಗೋಲಿನಿಂದ ಕೊರೆದದ್ದಲ್ಲ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

"ಪೈಪಿನ ಮಾತು ಯಾರು ಎತ್ತಿದ್ರು?" ಎಂದರು ಟೀಚರಮ್ಮ.

ಯಾರೂ ಎತ್ತಿರಲಿಲ್ಲ. ಸಾಹೇಬರು ಮೆಲ್ಲಗೆ ತಲೆ ತಿರುಗಿಸಿ ಹಿತ್ತಿಲ ಶೆಡ್ಡಿನ ಕಡೆ ನೋಡಿದರು. ಕಿವಿ ಕೇಳದ ಯಜಮಾನರು "ಏನಂದ? ಏನಂದ?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ಆಗಲೇ ಹೆಂಡತಿ, ನೋವು ತಡೆಯಲಾರದೆ ಬಾಗಿಲ ಹೊಸ್ತಿಲ ಮೇಲೆ ಕೂತು, ಪಾದ ಮಡಿಚಿ, ಸೀರೆಯ ಪಿನ್ನಿನಿಂದ ಚುಚ್ಚಿಕೊಂಡಿದ್ದನ್ನು ಎತ್ತಿದಳು. ಬೆರಳ ತುದಿಯಲ್ಲಿ ಹಿಡಿದು ನೋಡಿದಳು. ಬೆಳ್ಳಿಯ ಹಾಗೆ ಹೊಳೆಯುವ ಸುರುಳಿ ಎಳೆ.

ಅವಳು ಎಳೆಯನ್ನು ನೋಡಿದಳು. ಕೋವಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಮುಷ್ಟಿ ಮುಚ್ಚಿದಳು. ಅಣ್ಣನಿಂದ ಬಚ್ಚಿಡಲು ಮುಚ್ಚಿದಳೋ, ಗಂಡನಿಗೆ ಗುದ್ದಲು ಮುಚ್ಚಿದಳೋ ಪೈಪಣ್ಣನಿಗೆ ತಿಳಿಯಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮುಷ್ಟಿಯ ಬೆಲೆ ಅವನು ಕಂಡುಹಿಡಿದಿರಲಿಲ್ಲ.

"ಗೇಜು" ಎಂದ ಅವನು. ಕೋವಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟ. "ಗೇಜಿಲ್ಲದೆ ಮಾತಾಡೋದು ಸರಿಯಲ್ಲ. ಉಗ್ರಾಣದಲ್ಲಿದೆ. ಈಗ ತಂದೆ. ಎಲ್ಲರೂ ಕೂತಿರಿ. ಚಹಾ ಕುಡೀತಿರಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಎಡಗಾಲಿಗೆ ಬಂದದ್ದು ಸಾಹೇಬರ ಬೂಟು ಎಂದು ಅಂಗಳ ದಾಟಿದ ಮೇಲೆ ಗೊತ್ತಾಯಿತು. ಹಿಂದಿರುಗಲಿಲ್ಲ. ಒಂದೊಂದು ಹೆಜ್ಜೆಗೂ ಅಂಗಿಯ ಜೇಬಿನಲ್ಲಿದ್ದ ಹಿತ್ತಾಳೆಯ ಗೇಜು ಅವನ ಎದೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು.

ಉಗ್ರಾಣದ ಅಂಗಳದಲ್ಲಿ ಊರಿನ ದೊಡ್ಡ ಕೊಳವೆಗೆಂದು ತಂದು ಹಾಕಿದ ಕಬ್ಬಿಣದ ಮಹಾ ಪೈಪೊಂದು ಬಿದ್ದಿತ್ತು. ಆಳು ಬಗ್ಗಿ ಒಳಗೆ ಹೋಗಬಹುದು. ಪೈಪಣ್ಣ ಬಗ್ಗಿ ಒಳಗೆ ಹೋಗಿ ನಡುವೆ ಕೂತ.

ಸ್ವಲ್ಪ ಹೊತ್ತಿಗೆ ಒಂದು ತುದಿಯಿಂದ ಭಾವನ ದನಿ ಬಂತು: "ಅಳಿಯಂದ್ರೇ! ಲೋ ಅಳಿಯ! ಎಲ್ಲೋ ಇದ್ದೀಯ ಕಳ್ಳಾ!" ಇನ್ನೊಂದು ತುದಿಯಿಂದ ಸಾಹೇಬರದು: "ನನ್ನ ಬೂಟೆಲ್ಲಯ್ಯಾ!" ಎರಡೂ ನಡುವಿಗೆ ಬಂದು ಅವನ ತಲೆಯ ಮೇಲೆ ಡಿಕ್ಕಿ ಹೊಡೆದವು. ಹೆಂಡತಿಯ ದನಿ ಎರಡು ಕಡೆಯಿಂದಲೂ ಬರಲಿಲ್ಲ. ಹನ್ನೊಂದರ ಬಸ್ಸಿನ ಹಾರ್ನು ದೂರದಲ್ಲಿ ಕೇಳಿಸಿತು. ಅದು ನಿಂತು ಹೊರಟಿತೋ, ನಿಲ್ಲದೆ ಹೋಯಿತೋ ತಿಳಿಯಲಿಲ್ಲ.

ಅವನು ಕಾಲು ಚಾಚಿದ. ತಲೆ ತಾಗುವುದಿಲ್ಲ. ಇಬ್ಬರು ಮಲಗಬಹುದು, ಬಂದರೆ. ಆ ತುದಿಯಲ್ಲಿ ಒಲೆ, ಈ ತುದಿಯಲ್ಲಿ ಬಟ್ಟೆ ಒಣಗಿಸಲು ಹಗ್ಗ. ಸೋರುವುದಿಲ್ಲ, ಅದಕ್ಕೆ ಅವನೇ ಜವಾಬುದಾರ. ನೀರಿಗಂತೂ ಕೊರತೆಯಾಗದು; ಮುಂದೊಂದು ದಿನ ಊರಿನ ನೀರೆಲ್ಲ ಇದರಲ್ಲೇ ಬರುವುದು. ಜೇಬಿನಿಂದ ಗೇಜು ತೆಗೆದ, ಈ ಗಾತ್ರಕ್ಕೆ ಅದು ಯಾವ ಮೂಲೆಗೂ ಸಾಲದೆಂದು ಮತ್ತೆ ಇಟ್ಟುಕೊಂಡ. ಕಣ್ಣಳತೆಗೆ ಎರಡೂ ತುದಿ ಸಮ. ಅಭ್ಯಾಸ ಬಲದಿಂದ ಬೀಗದಕೈ ಎತ್ತಿದ. ಬಡಿದರೆ ಟಣ್ ಎಂದು ಊರಿಗೆಲ್ಲ ಕೇಳುತ್ತದೆ ಎಂದು ನೆನಪಾಗಿ, ಕೈಯನ್ನು ಹಾಗೇ ಇಳಿಸಿದ.

"ಹ್ಞೂಂ" ಎಂದ, ತುಟಿ ಬಿಚ್ಚದೆ. ಉದ್ದವಾಗಿ.